ಮೇಡಂ ಬರೆದ ಟಿಪ್ಪಣಿಗಳು

ನವೆಂಬರ್ ೧೨, ಬುಧವಾರ

ರೆಫರೆನ್ಸ್ ಲೇಖನಗಳನ್ನು ಇಡುವ ಹೊಸ ಸಾಫ್ಟ್‌ವೇರಿಗೆ ಹಳೆಯದರಿಂದ ಲೇಖನಗಳೆಲ್ಲ ಬಂದವು, ಅವುಗಳ ಪಕ್ಕ ನನ್ನ ಪಿಎಚ್‌ಡಿ ಗೈಡ್ ಮೇಡಂ ಬರೆದ ಟಿಪ್ಪಣಿ ಮಾತ್ರ ಒಂದೂ ಬರಲಿಲ್ಲ. ಹಳೆಯದು ತಿಂಗಳ ಕೊನೆಗೆ ಮುಚ್ಚುತ್ತದೆ. ಗ್ರಂಥಪಾಲಕರು, "ಲೇಖನ ಎಲ್ಲಾ ಬಂತಲ್ಲಮ್ಮ, ಸಾಕು ಬಿಡಿ. ಥೀಸಿಸ್‌ಗೆ ಅಷ್ಟೇ ತಾನೆ ಬೇಕಿರೋದು?" ಎಂದರು.

ನನಗೆ ಸಾಲದು. ಪಾರ್ಶ್ವವಾಯು ಬಡಿದ ಮೇಲೆ ಮೇಡಂ ಬರೆಯಲಾರರು, ಮಾತೂ ತೊದಲುತ್ತದೆ. ಇಷ್ಟು ವರ್ಷ ಅವರು ನನಗೆ ಗದರಿ ಕಲಿಸಿದ್ದೆಲ್ಲ ಆ ಟಿಪ್ಪಣಿಗಳಲ್ಲೇ ಇದೆ.

ಬೆಳಿಗ್ಗೆಯಿಂದ ಹಟ ಹಿಡಿದು ಕೂತೆ. ಒಂದೊಂದೇ ಲೇಖನ ತೆರೆದು, ಟಿಪ್ಪಣಿ ನಕಲು ಮಾಡಿ, ಹೊಸದರಲ್ಲಿ ಅಂಟಿಸಿದೆ. ಅಕ್ಕ ಫೋನ್ ಮಾಡಿ "ಊಟ ಆಯ್ತೇನೇ?" ಎಂದಾಗಲೇ ಹಸಿವು ನೆನಪಾದದ್ದು.

ಸಂಜೆ ಲ್ಯಾಪ್‌ಟಾಪ್ ಹೊತ್ತು ಮೇಡಂ ಮನೆಗೆ ಹೋದೆ. ಮಣ್ಣಿನ ತೇವದ ಮೇಲಿನ ಲೇಖನಕ್ಕೆ ಅವರು ಬರೆದಿದ್ದನ್ನು ಗಟ್ಟಿಯಾಗಿ ಓದಿದೆ: "ಬರೀ ಬುರುಡೆ. ನಂಬಬೇಡ." ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಪರದೆಯನ್ನು ಹತ್ತಿರ ಎಳೆದುಕೊಂಡು ಆ ಲೇಖನದ ಅಂಕಿಅಂಶಗಳನ್ನು ಬಹಳ ಹೊತ್ತು ನೋಡಿದರು.

"ಅಲ್ಲ... ನಂದೇ... ತಪ್ಪು. ಇವ್ರು ಸರಿ. ಅಳಿಸು."

"ಅಳಿಸಲ್ಲ ಮೇಡಂ. ಕೆಳಗೆ ಬರ್ಕೊತೀನಿ, ಯಾಕೆ ಅಂತ ಹೇಳಿ."

ಅವರು ಹೇಳಿ, ನಾನು ಬರೆದು, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಇಬ್ಬರೂ ಬೆವೆತಿದ್ದೆವು. ಹೊರಡುವಾಗ ನನ್ನ ತೋಳು ಹಿಡಿದು, "ನಾಳೆ?" ಎಂದರು.

ಅರ್ಧಕ್ಕಿಂತ ಹೆಚ್ಚು ಟಿಪ್ಪಣಿಗಳು ಇನ್ನೂ ಹಳೆಯದರಲ್ಲೇ ಇವೆ. ಇರಲಿ. ಉಳಿದದ್ದನ್ನು ಅವರ ಪಕ್ಕದಲ್ಲೇ ಕೂತು, ಬೇಕಾದರೆ ಜಗಳವಾಡಿಕೊಂಡೇ ಸಾಗಿಸುತ್ತೇನೆ. ಕಣ್ಣೆಳೆಯುತ್ತಿದೆ, ಆದರೂ ನಾಳೆ ಅವರಿಗೆ ಓದಲು ಇನ್ನೊಂದು ಟಿಪ್ಪಣಿ ಹುಡುಕಿಟ್ಟೇ ಮಲಗುತ್ತೇನೆ.