ಕಲ್ಲು ಆರಿಸಿದ ಹೊಲ

ಬೋರನಕುಂಟೆ
ಕ್ರಿ.ಶ. ೨೧೭೧, ಮೃಗಶಿರಾ ಮಳೆ ಬಾರದ ಒಂಬತ್ತನೆಯ ದಿನ

ನಕ್ಷೆ ಬರೆಯುತ್ತಿರುವ ಹಿರಿಯರಿಗೆ,

ನೀವೆಲ್ಲ ಹೋಗಿ ಎಷ್ಟೋ ಕಾಲವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾನು ಏಳನೆಯ ತರಗತಿಯವರೆಗೆ ಓದಿದವಳು. ನಮ್ಮ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ತೊಡಕೆನಿಸಿದರೆ ಕ್ಷಮಿಸಿ.

ಎಲ್ಲಿ ಸಿರಿಧಾನ್ಯ ಬೆಳೆಯಬಹುದು ಎಂದು ಆಕಾಶದಿಂದ ನೋಡಿ ನೀವು ಬಳಿದ ಬಣ್ಣಗಳನ್ನು ನಂಬಿ ನಾವು ಬದುಕುತ್ತಿದ್ದೇವೆ. ಅದನ್ನು ಬಣ್ಣಪಟ ಎನ್ನುತ್ತೇವೆ. ಬೀಜವೆಲ್ಲ ಈಗ ಊರಿನ ಬಿತ್ತಮನೆಯಲ್ಲಿದೆ. ಯಾರೂ ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ. ಪಟದಲ್ಲಿ ಹಸಿರಾದ ಹೊಲಕ್ಕೆ ಬೀಜ ಸಿಗುತ್ತದೆ, ಕೆಂಪಾದದ್ದಕ್ಕೆ ಇಲ್ಲ. ಪ್ರತಿ ಯುಗಾದಿಗೆ ಹೊಸ ಪಟ ಬರುತ್ತದೆ, ಅದರ ತಳಹದಿ ಮಾತ್ರ ನಿಮ್ಮದೇ. ಹೆಣ್ಣು ನೋಡಲು ಬಂದವರೂ ಮೊದಲು ಹೊಲದ ಬಣ್ಣ ಕೇಳುತ್ತಾರೆ. ಬಿತ್ತಮನೆಯ ಗೋಡೆಯ ಮೇಲೆ ಮೂಡುವ ಆ ಪಟವನ್ನು ಊರಿಗೆ ಓದಿ ಹೇಳುವ ಕೆಲಸ ಇಪ್ಪತ್ತೆರಡು ವರ್ಷದಿಂದ ನನ್ನದು.

ನನ್ನ ತಂಗಿ ಪಾಲಮ್ಮನ ಇಳಿಜಾರಿನ ಹೊಲ ಯಾವಾಗಲೂ ಕೆಂಪು. ಕಾರಣದ ಜಾಗದಲ್ಲಿ ‘ಕಲ್ಲು’ ಎಂದಷ್ಟೇ ಇರುತ್ತಿತ್ತು. ಅಲ್ಲಿ ತಾನಾಗಿ ಉದುರಿ ಮೊಳೆಯುವ ಸಾಮೆಯನ್ನೇ ಕೊಯ್ದು ಅವಳು ಬದುಕಿದ್ದಳು. ಪಟ ಓದುವವಳ ತಂಗಿಗೇ ಕೆಂಪು ಎಂದು ಊರವರು ಆಡಿಕೊಳ್ಳುತ್ತಿದ್ದದ್ದು ನನಗೆ ಚುಚ್ಚುತ್ತಿತ್ತು. ಕಲ್ಲು ಆರಿಸಿದರೆ ಹಸಿರಾಗುತ್ತದೆ ಎಂದು ಹೇಳಿದವಳು ನಾನೇ.

ಅವಳು ನಕ್ಕಳು. “ಅಲ್ಲ ಕಣಕ್ಕ, ಕಲ್ಲೆತ್ತಿ ನೋಡು, ಅಡೀಗೆ ತ್ಯಾವ ಐತೆ. ನಿನ್ನ ಗ್ವಾಡೆಗೆ ಅದು ಕಾಣಲ್ವೇನು?”

ಗೋಡೆಗಿಂತ ನಿನಗೆ ಹೆಚ್ಚು ಗೊತ್ತೇ ಎಂದು ಗದರಿದೆ.

ಮೂರು ಬೇಸಿಗೆ ಇಬ್ಬರೂ ಕಲ್ಲು ಹೊತ್ತು ಆಚೆ ಹಾಕಿದೆವು. ಹೋದ ವರ್ಷದ ಯುಗಾದಿಗೆ ಹೊಲ ಹಸಿರಾಯಿತು. ಅವಳ ಹೆಸರನ್ನು ಜೋರಾಗಿ ಓದಿದೆ. ಅವಳು ಐದು ಸೇರು ಸಾಮೆ ಬಿತ್ತಿದಳು. ಮೊಳಕೆ ಬಂತು, ಆಮೇಲೆ ಹದಿನೆಂಟು ದಿನ ಮಳೆಯಿಲ್ಲ. ಬದುವಿನ ಪಕ್ಕ ನಾವು ಆರಿಸದೆ ಬಿಟ್ಟಿದ್ದ ಗೇಣಗಲದ ಕಲ್ಲಿನ ಪಟ್ಟೆಯಲ್ಲಿ ಮಾತ್ರ ಪೈರು ಉಳಿಯಿತು. ಮಿಕ್ಕದ್ದೆಲ್ಲ ಒಣಗಿಹೋದ ದಿನವೂ ಗೋಡೆಯ ಮೇಲೆ ಆ ಹೊಲ ಹಸಿರಾಗಿಯೇ ಇತ್ತು.

ಪಾಲಮ್ಮ ನನ್ನನ್ನು ಬೈಯಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು ಮತ್ತೆ ಹೊಲಕ್ಕೆ ಹಾಕತೊಡಗಿದಳು. ನಾನು ಜೊತೆಗೆ ಹೋಗಲಿಲ್ಲ. ಊರವರು ನೋಡಿಯಾರೆಂಬ ನಾಚಿಕೆ. ಬಿಸಿಲೇರಿದ ಒಂದು ದಿನ ಬದುವಿಗೆ ಒರಗಿ ಕೂತಲ್ಲೇ ತೀರಿಕೊಂಡಳು. ಮಡಿಲಲ್ಲಿ ಕಲ್ಲಿತ್ತು.

ಉಳಿದ ಕಲ್ಲುಗಳನ್ನು ನಾನು ಹೊತ್ತು ಹಾಕಿದೆ. ಈ ಯುಗಾದಿಗೆ ಹೊಲ ಮತ್ತೆ ಕೆಂಪಾಯಿತು. ಅದನ್ನೂ ನಾನೇ ಓದಿದೆ. ಬೀಜ ಕೊಡಲಿಲ್ಲ. ಇವತ್ತು ಬೆಳಿಗ್ಗೆ ಅಲ್ಲಿಗೆ ಹೋಗಿ ಒಂದು ಕಲ್ಲು ಎತ್ತಿದೆ. ರೋಹಿಣಿಯಲ್ಲಿ ಬಿದ್ದ ಒಂದೇ ಒಂದು ಮಳೆಯ ತೇವ ಅಡಿಯಲ್ಲಿ ಇನ್ನೂ ಇತ್ತು.

ನಿಮ್ಮ ಕೈಯಲ್ಲಿ ನಕ್ಷೆ ಇನ್ನೂ ಹಸಿಯಾಗಿದೆ. ಒಂದು ಹೊಲಕ್ಕೆ ಕೆಂಪು ಬಳಿಯುವ ಮೊದಲು ಅಲ್ಲಿಗೆ ನಡೆದು ಹೋಗಿ, ಒಂದು ಕಲ್ಲು ಎತ್ತಿ ನೋಡಿ. ಆ ಹೊಲದವರನ್ನು ಕೇಳಿ. ನನ್ನಂಥವರನ್ನು ಕೇಳಬೇಡಿ, ನಾನು ಗೋಡೆ ಓದಿದವಳು.

ಈರಕ್ಕ
ಬಿತ್ತಮನೆ, ಬೋರನಕುಂಟೆ