ಸವೆದ ಕೀ

ಪ್ರೀತಿಯ ಅಕ್ಕನಿಗೆ,

ನಿನ್ನೆಯ ಪಿಯಾನೊ ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ರೆಕಾರ್ಡಿಂಗ್ ಮಾಡುವವರು ಒಂದು ತಕರಾರು ತೆಗೆದರು. "ಮೇಡಂ, ಏನೇ ನುಡಿಸಿದ್ರೂ ನಡುವಿನ ಈ ಒಂದು ಸ್ವರಾನ ಮಾತ್ರ ಯಾಕೆ ಅಷ್ಟು ಗಟ್ಟಿಯಾಗಿ ಒತ್ತೀರಾ?" ಎಂದು ಕೇಳಿದರು. ಪತ್ರಿಕೆಯವರು ಇಷ್ಟು ವರ್ಷ ಅದನ್ನೇ ನನ್ನ ಶೈಲಿ ಎಂದು ಹೊಗಳಿದ್ದಾರೆ. ನಾನೂ ಹೂಂಗುಟ್ಟಿಕೊಂಡು ಬಂದಿದ್ದೇನೆ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೇಜಿನ ಮೇಲೆ ಬೆರಳಾಡಿಸುವಾಗ ಕಾರಣ ಹೊಳೆಯಿತು. ನಮ್ಮ ಮನೆಯ ಪಿಯಾನೊದಲ್ಲಿ ಆ ಸ್ವರದ ಕೀ ಸವೆದು ಸಡಿಲವಾಗಿತ್ತು, ಗುದ್ದದಿದ್ದರೆ ದನಿಯೇ ಬರುತ್ತಿರಲಿಲ್ಲ. ಸಹವಾಸದೋಷ ಎಂದರೆ ಇದೇ.

ಆದರೆ ಅಪ್ಪ ಅದನ್ನು ಅಂಗಡಿಯಿಂದ ಹೊಸದಾಗಿಯೇ ತಂದಿದ್ದರಲ್ಲ. ನಾನು ಮೊದಲ ಸಲ ಅದರ ಮುಂದೆ ಕೂತಾಗಲೇ ಆ ಕೀ ಹಾಗಿತ್ತು. ನನಗಿಂತ ಮುಂಚೆ ಅದನ್ನು ನುಡಿಸಿದವಳು ನೀನೊಬ್ಬಳೇ. ನಿನ್ನ ಪಾಠ ಬಿಡಿಸಿ ನನ್ನನ್ನು ಕೂರಿಸಿದಾಗ ಅಪ್ಪ, "ದೊಡ್ಡವಳಿಗೆ ಅದ್ರಲ್ಲಿ ಆಸಕ್ತಿ ಇಲ್ಲ" ಅಂದಿದ್ದರು. ನಾನು ನಂಬಿದೆ. ಆಸಕ್ತಿ ಇಲ್ಲದವಳ ಕೈಯಲ್ಲಿ ಒಂದು ಕೀ ಅಷ್ಟು ಸವೆಯುತ್ತದೆಯೇ, ಅಕ್ಕ?

ಪಿಯಾನೊ ರಿಪೇರಿಯವರು ಬರುತ್ತಾರೆ ಎಂದು ನೀನು ಬರೆದಿದ್ದೆ. ಉಳಿದದ್ದೆಲ್ಲ ಸರಿ ಮಾಡಲಿ, ಅದೊಂದನ್ನು ಮುಟ್ಟುವುದು ಬೇಡ. ಮುಂದಿನ ವಾರ ಬರುತ್ತೇನೆ. ಅಡುಗೆ ನಾನು ನೋಡಿಕೊಳ್ಳುತ್ತೇನೆ, ಸೀದರೆ ಬೈಯಬೇಡ. ಅಷ್ಟರಲ್ಲಿ ನೀನು ಕೂತು, ಆ ಕೀಯನ್ನು ಸವೆಸಿದ ಹಾಡು ಯಾವುದೆಂದು ನುಡಿಸಿ ತೋರಿಸು. ಮರೆತುಹೋಗಿದೆ ಎಂದು ಮಾತ್ರ ಹೇಳಬೇಡ. ನನ್ನ ಬೆರಳೇ ಮರೆತಿಲ್ಲ.

ನಿನ್ನ ಬೆನ್ನಿಗೆ ಬಿದ್ದ
ತಂಗಿ