ಸಿಲೋನಿನ ರೀತಿ ರಿವಾಜು

ಇಂಡಿ, ೨೧ ಮೇ ೧೯೫೯, ಗುರುವಾರ. ರಾತ್ರಿ ಎರಡು ಗಂಟೆ.

ಎದುರಿನ ಬಂದಗಿಸಾಬ ಕಾಕಾನ ಅಂಗಡಿಯಲ್ಲಿ ಫೋನ್ ಬಡಿದುಕೊಂಡಿತು. ಕೂಸನ್ನು ಎತ್ತಿಕೊಂಡು ಬರಿಗಾಲಲ್ಲೇ ಓಡಿದೆ. "ಸೋಲಾಪುರದ ದಲ್ಲಾಳಿ, ತಂಗಿ. ನಿಮ್ಮವರಲ್ಲ," ಅಂದರು.

ನಿದ್ದೆ ಹೋಯಿತು. ಪಾಲಿ ಕಲಿಯಲು ಸಿಲೋನಿಗೆ ಹೋದ ಇವರು ನಾಳೆ ಬೆಳಿಗ್ಗೆ ಬುದ್ಧಪೂರ್ಣಿಮೆಗೆ ಅಲ್ಲೇ ಭಿಕ್ಖು ಆಗುತ್ತಾರೆ. ನೋಡಿ ಬರಲು ನಾನು, ಕೂಸು, ಮೈದುನ ಧರೆಪ್ಪ ನಾಡಿದ್ದು ಹೊರಡಬೇಕು.

ಅಲ್ಲಿ ಇದ್ದು ಬಂದವನು ಧರೆಪ್ಪ. ಊಟಕ್ಕೆ ಕೂತಾಗ ಅಲ್ಲಿಯ ರಿವಾಜು ಹೇಳಿದ. ಕೊಡೆ ಬೇಕೇ ಬೇಕು. ಮೂರ್ತಿಗೆ ಬೆನ್ನು ತೋರಿಸಬಾರದು. ಮೂರು ಹೊತ್ತೂ ಅನ್ನ.

"ರೊಟ್ಟಿ ಇಲ್ಲದ್ದು ಅದೆಂಥಾ ದೇಶೋ ಯಪ್ಪಾ!" ಅಂದರು ಅತ್ತೆ. ನಕ್ಕೆವು.

ವಿಹಾರಕ್ಕೆ ಬಿಳಿ ಸೀರೆ ಉಡಬೇಕಂತೆ.

"ಗಂಡ ಇದ್ದಾಕಿ ಬಿಳಿ ಸೀರಿ ಉಡತಾಳೇನೋ?" ಅತ್ತೆ ಈಗ ನಗಲಿಲ್ಲ.

ಧರೆಪ್ಪ ತಾಟು ನೋಡುತ್ತ ಹೇಳಿದ, "ವೈನಿ, ಭಿಕ್ಖುಗೋಳು ಹೆಣ್ಣಮಕ್ಕಳ್ನ ಮುಟ್ಟಂಗಿಲ್ರಿ. ಅಣ್ಣಾನೂ ಅಷ್ಟ."

"ನನ್ನ ಬಿಡು. ಕೂಸಿನ್ನ?"

"ಅದೂ ಹೆಣ್ಣಲ್ಲೇನ್ರಿ."

ಇವರು ಹೋದ ಮೇಲೆ ಹುಟ್ಟಿದ ಮಗಳು. ಅವಳ ಭಾರ ಎಷ್ಟು ಅಂತ ಇವರ ಕೈಗೆ ಇನ್ನೂ ಗೊತ್ತಿಲ್ಲ.

ಬಿಳಿ ಸೀರೆ ಉಡುತ್ತೇನೆ. ದೂರವೇ ಕೂರುತ್ತೇನೆ. ಆದರೆ ಆ ಕಾವಿ ಚೀವರ ಒಂದು ವಾರ ತಡೆಯಲಿ. ನಾವು ಬಂದು ಮುಟ್ಟುವ ತನಕ ಸಾಕು. ಒಂದೇ ಸಲ ಅವಳನ್ನು ಎತ್ತಿಕೊಂಡು, ಆಮೇಲೆ ಉಟ್ಟುಕೊಳ್ಳಿ. ಇಲ್ಲಿಂದ ಟ್ರಂಕ್ ಕಾಲ್ ಹಚ್ಚಿಸಿದೆ, ಲೈನ್ ಸಿಗಲಿಲ್ಲ. ನೀವೇ ಮಾಡ್ರಿ. ಕಾಕಾ ಅಂಗಡಿ ಬಾಗಿಲು ತೆರೆದೇ ಇಟ್ಟಾರ. ಬೆಳಗಾಗೋದ್ರೊಳಗ ಫೋನ್ ಮಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ, ಬೆಳಗಾಗೋದ್ರೊಳಗ